ಕಟ್ಟಿಗೆ ರಾಶಿಯ ಹಿಂದೆ ಒಂದು ರಾತ್ರಿ: ದ್ಮಿತ್ರಿ ಲಿಖಚೋವ್ ಕಥೆ

ಇವತ್ತಿನ ವ್ಯಕ್ತಿ ರಾಜನಲ್ಲ, ಸೇನಾಪತಿ ಅಲ್ಲ. ಹಳೇ ಹಸ್ತಪ್ರತಿ ಓದೋದೇ ಕೆಲಸ ಮಾಡಿಕೊಂಡಿದ್ದ ಒಬ್ಬ ವಿದ್ವಾಂಸ. ಆಫ್ ಮಾಡಬೇಡಿ, ಒಂದೈದು ನಿಮಿಷ ಕೊಡಿ.

ನಾನು ಬಿಕಾಂ ಓದಿದವನು. ಭಾಷಾಶಾಸ್ತ್ರಕ್ಕೂ ನನಗೂ ಸಂಬಂಧವಿಲ್ಲ. ಆದರೆ ಒಂದು ರಾತ್ರಿ 1988ರ ಒಂದು ರಷ್ಯನ್ ಸಾಕ್ಷ್ಯಚಿತ್ರ ನೋಡ್ತಾ ಇದ್ದೆ. ‘ಸೊಲೊವ್ಕಿಯ ಆಡಳಿತ’ ಅಂತ ಹೆಸರು, ಮರೀನಾ ಗೊಲ್ದೊವ್ಸ್ಕಯಾ ನಿರ್ದೇಶನ. ಅದರಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ, ಒಳ್ಳೆ ಸೂಟು ಟೈ, ಮೆಲುದನಿ. ಜೈಲಿನ ಕಥೆ ಹೇಳ್ತಾರೆ. ಅವರೇ ದ್ಮಿತ್ರಿ ಸೆರ್ಗೆಯೆವಿಚ್ ಲಿಖಚೋವ್.

ಹುಟ್ಟಿದ್ದು 1906ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಕ್ರಾಂತಿ ಆದಾಗ ಹತ್ತು ವರ್ಷದ ಹುಡುಗ. 1923ರಲ್ಲಿ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಒಂಬತ್ತು ಜನ ಗೆಳೆಯರು ಸೇರಿ ತಮಾಷೆಗೆ ಒಂದು ಕೂಟ ಮಾಡಿಕೊಂಡರು. ಹೆಸರು ಕೇಳಿ: ‘ವಿಶ್ವ ವಿಜ್ಞಾನ ಅಕಾಡೆಮಿ’, ವಿಶ್ವ ಅಂದರೆ ಇಡೀ ಬ್ರಹ್ಮಾಂಡ! ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ನಾವು ಇಡ್ತಿದ್ದ ಹೆಸರಿನ ಥರಾನೇ. 1918ರಲ್ಲಿ ಸರ್ಕಾರ ರಷ್ಯನ್ ಲಿಪಿಯಿಂದ ಕೆಲವು ಅಕ್ಷರ ತೆಗೆದುಹಾಕಿತ್ತು. ಲಿಖಚೋವ್ ಆ ಕೂಟದಲ್ಲಿ ಹಳೇ ಕಾಗುಣಿತವೇ ಚೆನ್ನಾಗಿತ್ತು ಅಂತ ಅರ್ಧ ಗಂಭೀರ, ಅರ್ಧ ಕೀಟಲೆಯ ಒಂದು ಪ್ರಬಂಧ ಓದಿದರು. ಕೂಟದ ವಾರ್ಷಿಕೋತ್ಸವಕ್ಕೆ ಒಬ್ಬ ಗೆಳೆಯ ಪೋಪ್ ಹೆಸರಲ್ಲಿ ಅಭಿನಂದನೆಯ ಟೆಲಿಗ್ರಾಂ ಬೇರೆ ಕಳಿಸಿದ. ಜೋಕು.

1928ರ ಫೆಬ್ರವರಿಯಲ್ಲಿ ಮನೆಗೆ ಪೊಲೀಸರು ಬಂದರು. ಶಿಕ್ಷೆ ಐದು ವರ್ಷ.

ಮಹಾಪ್ರಾಣ ಬೇಕಾ ಬೇಡವಾ ಅಂತ ನಾವು ಫೇಸ್‌ಬುಕ್ಕಲ್ಲಿ ಎಷ್ಟು ಕಿತ್ತಾಡಿದ್ದೀವಿ! ಆ ಥರದ್ದೇ ವಾದಕ್ಕೆ ಈ ಮನುಷ್ಯ ಜೈಲಿಗೆ ಹೋದ.

ಜೈಲು ಅಂದರೆ ಬಿಳಿ ಸಮುದ್ರದ ನಡುವಿನ ಸೊಲೊವ್ಕಿ ದ್ವೀಪಗಳು. ಹದಿನೈದನೇ ಶತಮಾನದ ಮಠ. 1923ರಿಂದ ಅದೇ ಕೈದಿಗಳ ಶಿಬಿರ. ಅಲ್ಲಿ ಲಿಖಚೋವ್‌ಗೆ ಸಿಕ್ಕ ಕೆಲಸ ವಿಚಿತ್ರ. ಅಪರಾಧಗಳನ್ನು ಅಧ್ಯಯನ ಮಾಡೋ ಒಂದು ಕಚೇರಿಯಲ್ಲಿ ಕೂತು, ಕಳ್ಳತನದಲ್ಲಿ ಬೆಳೆದ ಹುಡುಗರ ಜೊತೆ ಮಾತಾಡಿ ವಿವರ ಬರೆದುಕೊಳ್ಳೋದು. ಪ್ರಾಚೀನ ಸಾಹಿತ್ಯದ ಮಹಾಪಂಡಿತನ ಮೊದಲ ಲೇಖನ ಯಾವುದು ಗೊತ್ತಾ? ಕ್ರಿಮಿನಲ್‌ಗಳ ಇಸ್ಪೀಟು ಆಟಗಳ ಬಗ್ಗೆ. ಶಿಬಿರದ್ದೇ ಪತ್ರಿಕೆಯಲ್ಲಿ, 1930ರಲ್ಲಿ ಅಚ್ಚಾಯಿತು.

ಅದಕ್ಕೂ ಮುಂಚೆ, 1929ರ ಅಕ್ಟೋಬರ್ ಕೊನೆ. ಅಪ್ಪ ಅಮ್ಮ ಮಗನನ್ನು ನೋಡೋಕೆ ದ್ವೀಪಕ್ಕೆ ಬಂದಿದ್ದಾರೆ. ಒಬ್ಬ ಕಾವಲುಗಾರನ ಹತ್ತಿರ ಕೋಣೆ ಬಾಡಿಗೆಗೆ ಹಿಡಿದಿದ್ದಾರೆ, ಮಗನೂ ಅವರ ಜೊತೆಗಿದ್ದಾನೆ. ಸಂಜೆ ಯಾರೋ ಬಂದು ಗುಟ್ಟಾಗಿ ಹೇಳಿದರು: ನಿನ್ನ ಹುಡುಕಿಕೊಂಡು ಬಂದಿದ್ದರು. ಆ ರಾತ್ರಿ ಕೈದಿಗಳನ್ನು ಎತ್ತಿಕೊಂಡು ಹೋಗಿ ಗುಂಡಿಕ್ಕುತ್ತಿದ್ದರು. ಲಿಖಚೋವ್‌ಗೆ ಅರ್ಥವಾಯಿತು. ಅಪ್ಪ ಅಮ್ಮನಿಗೆ ಏನೂ ಹೇಳಲಿಲ್ಲ. ‘ರಾತ್ರಿ ಅರ್ಜೆಂಟ್ ಕೆಲಸಕ್ಕೆ ಕರೆದಿದ್ದಾರೆ, ಕಾಯಬೇಡಿ’ ಅಂದು ಹೊರಟುಬಿಟ್ಟರು. ಹೋಗಿ ಒಟ್ಟಿದ್ದ ಕಟ್ಟಿಗೆ ರಾಶಿಗಳ ಹಿಂದೆ ಅಡಗಿದರು. ಬೆಳಗಿನವರೆಗೂ ಗುಂಡಿನ ಸದ್ದು ಕೇಳ್ತಾ ಇತ್ತು.

ಬೆಳಿಗ್ಗೆ ಹೊರಗೆ ಬಂದಾಗ ಯಾರೂ ಅವರನ್ನು ಹುಡುಕ್ತಾ ಇರಲಿಲ್ಲ. ಯಾಕೆ? ಅವರ ನೆನಪಿನ ಪ್ರಕಾರ ಕೊಲ್ಲಬೇಕಾದವರದ್ದು ಒಂದು ರೌಂಡ್ ಫಿಗರ್ ಇತ್ತು, ಮುನ್ನೂರೋ ನಾನೂರೋ. ಲೆಕ್ಕ ಮುಗಿದಿತ್ತು. ಅಂದರೆ ಅವರ ಜಾಗಕ್ಕೆ ಬೇರೆ ಯಾರನ್ನೋ ಹಿಡಿದು ನಿಲ್ಲಿಸಿದ್ದರು. ಆಮೇಲಿಂದ ತಾನು ಇಬ್ಬರ ಪರವಾಗಿ ಬದುಕಬೇಕು ಅಂತ ಲಿಖಚೋವ್ ಅಂದುಕೊಂಡರು. ಆ ಇನ್ನೊಬ್ಬ ಯಾರು ಅಂತ ಅವರಿಗೆ ಗೊತ್ತೇ ಆಗಲಿಲ್ಲ.

ಕಾಮರ್ಸ್ ಕ್ಲಾಸಲ್ಲಿ ನಮಗೆ ಕಲಿಸಿದ್ದು ಒಂದೇ: ಎರಡೂ ಕಡೆ ಟೋಟಲ್ ತಾಳೆ ಆಗಬೇಕು. ಈ ಭಾಗ ನೋಡಿದ ಮೇಲೆ ಆ ಮಾತು ನನಗೆ ಮೊದಲಿನ ಥರ ಕೇಳಿಸ್ತಾ ಇಲ್ಲ.

1932ರಲ್ಲಿ ಬಿಡುಗಡೆ. ಜೈಲಿಂದ ಬಂದವನಿಗೆ ಯಾರು ಕೆಲಸ ಕೊಡ್ತಾರೆ? ಪ್ರೂಫ್ ತಿದ್ದೋ ಕೆಲಸ ಸಿಕ್ಕಿತು. ವಿಜ್ಞಾನ ಅಕಾಡೆಮಿಯ ಪ್ರಕಾಶನದಲ್ಲಿ ಪ್ರೂಫ್ ಓದ್ತಾ ಇದ್ದ ಜಿನೈದಾ ಅವರನ್ನೇ ಮದುವೆ ಆದರು. 1938ರಲ್ಲಿ ‘ಪುಷ್ಕಿನ್ ಭವನ’ ಅಂತ ಕರೆಯೋ ರಷ್ಯನ್ ಸಾಹಿತ್ಯ ಸಂಸ್ಥೆ ಸೇರಿದರು. ಕೊನೇವರೆಗೂ ಅದೇ ಅವರ ಮನೆ.

ಅಷ್ಟರಲ್ಲಿ ಯುದ್ಧ. ಲೆನಿನ್‌ಗ್ರಾದ್ ದಿಗ್ಬಂಧನದ ಮೊದಲ ಚಳಿಗಾಲದಲ್ಲಿ ಹೆಂಡತಿ, ಪುಟ್ಟ ಅವಳಿ ಹೆಣ್ಣುಮಕ್ಕಳ ಜೊತೆ ಊರಲ್ಲೇ ಇದ್ದರು. 1942ರ ಮಾರ್ಚ್‌ನಲ್ಲಿ ಅಪ್ಪ ಹಸಿವಿಂದ ಸತ್ತರು. ಹೆಣವನ್ನು ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆದುಕೊಂಡು ಹೋದರು. ಅದೇ ವರ್ಷ ತಿಖಾನೊವಾ ಅನ್ನೋ ವಿದ್ವಾಂಸೆಯ ಜೊತೆ ಸೇರಿ ಒಂದು ಸಣ್ಣ ಪುಸ್ತಕ ತಂದರು. ಪ್ರಾಚೀನ ರಷ್ಯಾದ ಊರುಗಳು ಮುತ್ತಿಗೆಯನ್ನು ಹೇಗೆ ಎದುರಿಸಿದವು ಅಂತ.

ಸರಿ, ಅವರು ಮಾಡಿದ ಕೆಲಸವಾದರೂ ಏನು? ಅಚ್ಚುಯಂತ್ರಕ್ಕೆ ಮುಂಚೆ ಪುಸ್ತಕ ಅಂದರೆ ಕೈಬರಹದ ನಕಲು. ನಕಲಿನ ನಕಲಿನ ನಕಲು. ಒಂದಕ್ಕೊಂದು ಹೊಂದಲ್ಲ. ಬೇರೆಯಾಗಿ ಕಂಡಿದ್ದನ್ನೆಲ್ಲ ತಪ್ಪು ಅಂತ ತೆಗೆದು, ‘ಮೂಲ’ವನ್ನು ಹುಡುಕೋದೇ ಕೆಲಸ ಅಂತ ತುಂಬ ಜನ ನಂಬಿದ್ದರು. 1962ರ ‘ಟೆಕ್ಸ್ಟೋಲಜಿ’ಯಲ್ಲಿ ಲಿಖಚೋವ್ ಹೇಳಿದ್ದು ಬೇರೆ. ನಕಲು ಮಾಡಿದವನು ಯಂತ್ರ ಅಲ್ಲ, ಮನುಷ್ಯ. ಎಷ್ಟೋ ಸಲ ಬೇಕಂತಲೇ ಬದಲಾಯಿಸ್ತಾನೆ: ರಾಜನಿಗೆ ಹೆದರಿ, ಕಾಲಕ್ಕೆ ತಕ್ಕ ಹಾಗೆ. ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅಂತ ಮೊದಲು ತಿಳಿಯಿರಿ, ಆಮೇಲೆ ಸಂಪಾದನೆ ಮಾಡಿ. ನನ್ನ ಕಿವಿಗೆ ಇದು ಶುದ್ಧ ಆಡಿಟ್. ಎಂಟ್ರಿ ತಪ್ಪಾಗಿದೆ ಅಂತ ಹೊಡೆದುಹಾಕೋ ಮುಂಚೆ, ಅದನ್ನು ಹಾಕಿದ್ದು ಯಾರು ಅಂತ ಕೇಳಬೇಕು.

ಅವರಿಗೆ ಅತಿ ಪ್ರೀತಿಯ ಕೃತಿ ‘ಈಗರ್ ದಂಡಯಾತ್ರೆಯ ಕಥನ’. 1185ರಲ್ಲಿ ಈಗರ್ ಅನ್ನೋ ಸಣ್ಣ ರಾಜ ಸೋತು ಸೆರೆಸಿಕ್ಕ ಕಥೆ. ಅದರ ಒಂದೇ ಒಂದು ಹಸ್ತಪ್ರತಿ ಸಿಕ್ಕಿತ್ತು, 1800ರಲ್ಲಿ ಅಚ್ಚಾಯಿತು. 1812ರಲ್ಲಿ ನೆಪೋಲಿಯನ್ ಮಾಸ್ಕೋಗೆ ನುಗ್ಗಿದಾಗ ಬೆಂಕಿಯಲ್ಲಿ ಆ ಪ್ರತಿ ಸುಟ್ಟೇ ಹೋಯಿತು. ಮೂಲವೇ ಇಲ್ಲ ಅಂದ ಮೇಲೆ ಅನುಮಾನ ಬರದೇ ಇರುತ್ತಾ? 1963ರಲ್ಲಿ ಅಲೆಕ್ಸಾಂದರ್ ಜಿಮಿನ್ ಅನ್ನೋ ಇತಿಹಾಸಕಾರ ಪುಷ್ಕಿನ್ ಭವನದಲ್ಲೇ ನಿಂತು ಇದು ಹದಿನೆಂಟನೇ ಶತಮಾನದ ಸೃಷ್ಟಿ ಅಂದರು. ಇಲ್ಲ, ಅಸಲಿ ಅಂದವರ ಮುಂಚೂಣಿಯಲ್ಲಿ ಲಿಖಚೋವ್ ಇದ್ದರು. ನಮ್ಮ ಹೀರೋ ಇಲ್ಲಿ ಬಲ ಇರೋ ಕಡೆ ನಿಂತಿದ್ದರು. ಜಿಮಿನ್ ಪುಸ್ತಕವನ್ನು ಮುಚ್ಚಿದ ಬಾಗಿಲ ಚರ್ಚೆಗೆ ಅಂತ ನೂರೊಂದು ಪ್ರತಿ ಮಾತ್ರ ತೆಗೆದರು. ಪೂರ್ತಿ ಹೊರಬಂದಿದ್ದು 2006ರಲ್ಲಿ, ಜಿಮಿನ್ ತೀರಿಹೋಗಿ ಇಪ್ಪತ್ತಾರು ವರ್ಷ ಆದ ಮೇಲೆ. ಕೃತಿ ಅಸಲಿ ಅಂತ 2004ರಲ್ಲಿ ಭಾಷಾವಿಜ್ಞಾನಿ ಜಲಿಜ್ನ್ಯಾಕ್ ವ್ಯಾಕರಣದ ಸೂಕ್ಷ್ಮಗಳನ್ನೇ ಇಟ್ಟುಕೊಂಡು ಬಲವಾಗಿ ತೋರಿಸಿದರು, ನಿಜ. ಆದರೆ ಎದುರಾಳಿಯ ಪುಸ್ತಕಕ್ಕೆ ಬೀಗ ಹಾಕಿ ಗೆಲ್ಲೋದು ಗೆಲುವಾ? ಲಿಖಚೋವ್ ಮೇಲೆ ಎಷ್ಟು ಪ್ರೀತಿ ಇದ್ದರೂ ನನಗೆ ಈ ಜಾಗ ಚುಚ್ಚುತ್ತೆ.

1970ರಲ್ಲಿ ಅಕಾಡೆಮಿಶಿಯನ್ ಆದರು. 1975ರಲ್ಲಿ, ಭೌತವಿಜ್ಞಾನಿ ಸಖರೋವ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದ ವರ್ಷ, ಸಖರೋವ್ ವಿರುದ್ಧದ ಪತ್ರಕ್ಕೆ ಸಹಿ ಹಾಕಿ ಅಂದರು. ಹಾಕಲ್ಲ ಅಂದರು. ಆ ಅಕ್ಟೋಬರ್‌ನಲ್ಲಿ ಮನೆ ಮೆಟ್ಟಿಲ ಹತ್ತಿರ ಒಬ್ಬ ಮೇಲೆ ಬಿದ್ದು ಹೊಡೆದ. ದಪ್ಪ ಕೋಟು ಇತ್ತು, ಆದರೂ ಪಕ್ಕೆಲುಬು ಮುರಿಯಿತು. ಅವರು ಹೊರಟಿದ್ದು ಅದೇ ಈಗರ್ ಕಥನದ ಬಗ್ಗೆ ಉಪನ್ಯಾಸಕ್ಕೆ. ಹೋಗಿ ಕೊಟ್ಟೇ ಬಂದರು! ವಯಸ್ಸು ಅರವತ್ತೆಂಟು. ಮುಂದಿನ ವರ್ಷ ಅವರ ಫ್ಲ್ಯಾಟಿಗೆ ಬೆಂಕಿ ಹಚ್ಚೋ ಪ್ರಯತ್ನವೂ ನಡೆಯಿತು. ಸೊಲ್ಜೆನಿತ್ಸಿನ್ ತಮ್ಮ ಗುಲಾಗ್ ಪುಸ್ತಕ ಬರೆಯುವಾಗ ಸೊಲೊವ್ಕಿ ನೆನಪುಗಳನ್ನು ಕೊಟ್ಟವರಲ್ಲಿ ಲಿಖಚೋವ್ ಕೂಡ ಒಬ್ಬರು.

ಗೊರ್ಬಚೋವ್ ಕಾಲಕ್ಕೆ ಅವರೇ ಸೋವಿಯತ್ ಸಂಸ್ಕೃತಿ ನಿಧಿಯ ಅಧ್ಯಕ್ಷರು. ಟಿವಿ ತುಂಬ ಅವರ ಮುಖ. 1999ರ ಸೆಪ್ಟೆಂಬರ್ 30ಕ್ಕೆ ತೀರಿಕೊಂಡರು.

ಒಂದು ವಿಷಯ ಉಳೀತು. 1966ರಲ್ಲಿ ಲಿಖಚೋವ್ ಮತ್ತೆ ಸೊಲೊವ್ಕಿಗೆ ಹೋಗಿದ್ದರು, ಈ ಸಲ ತಾವಾಗಿಯೇ. ಆ ರಾತ್ರಿ ಸತ್ತವರನ್ನು ಹೂತ ಜಾಗ ಹುಡುಕಿಕೊಂಡು ಹೋದರು. ಅದರ ಮೇಲೆ ಯಾರೋ ಮನೆ ಕಟ್ಟಿಕೊಂಡಿದ್ದರು.