ವನಪಥದ ಕ್ಯಾಮೆರಾ ಮತ್ತು ದಾರಿಹೋಕರ ಏಕಾಂತ

ಮರದ ಬುಡಕ್ಕೆ ಮೊಣಕಾಲೆತ್ತರದಲ್ಲಿ ಪಟ್ಟಿಯಿಂದ ಬಿಗಿದ, ತೊಗಟೆಯ ಬಣ್ಣದ, ಎರಡು ಅಂಗೈಗಳಲ್ಲಿ ಹಿಡಿಸುವ ಒಂದು ಪೆಟ್ಟಿಗೆಯು ಇಂದು ಭಾರತದ ವನ್ಯಜೀವಿಶಾಸ್ತ್ರದ ಪ್ರಧಾನ ಸಾಧನವಾಗಿ ಪರಿಣಮಿಸಿದೆ. ಸುತ್ತಣ ಉಷ್ಣತೆಗಿಂತ ಭಿನ್ನವಾದ ಉಷ್ಣತೆಯುಳ್ಳ ದೇಹವೊಂದು ಎದುರಿಗೆ ಚಲಿಸಿದೊಡನೆ ಅದರೊಳಗಿನ ಅವಗೆಂಪು ಸಂವೇದಕವು ಎಚ್ಚೆತ್ತು, ಕ್ಷಣಾರ್ಧದಲ್ಲಿ ಚಿತ್ರ ತೆಗೆದು, ಚಿತ್ರದ ಅಂಚಿನಲ್ಲಿ ದಿನಾಂಕವನ್ನೂ ವೇಳೆಯನ್ನೂ ದಾಖಲಿಸುತ್ತದೆ. ಬಂದ ದೇಹವು ಹುಲಿಯದೋ, ಕಡವೆಯದೋ, ಸೌದೆಯ ಹೊರೆ ಹೊತ್ತ ಹೆಂಗಸಿನದೋ ಎಂಬ ವಿವೇಚನೆ ಆ ಸಂವೇದಕಕ್ಕಿಲ್ಲ. ಈ ಶಾಸ್ತ್ರದ ಬೆಳವಣಿಗೆಯನ್ನು ಮೊದಲಿನಿಂದ ಅವಲೋಕಿಸಿದರೆ, ಯಂತ್ರವು ಪಕ್ವವಾದಷ್ಟೂ ಈ ಅವಿವೇಚನೆಯ ಭಾರವು ಕಾಡನ್ನು ನಂಬಿ ಬದುಕುವ ಬಡವರ ಮೇಲೆ ಹೆಚ್ಚು ಹೆಚ್ಚಾಗಿ ಬೀಳುತ್ತ ಬಂದುದೂ, ಅದನ್ನು ಇಳಿಸುವ ಹೊಣೆಯನ್ನು ಶಾಸ್ತ್ರಜ್ಞರೂ ಸರಕಾರವೂ ತೀರ ತಡವಾಗಿ ನೆನೆದುದೂ ಸ್ಪಷ್ಟವಾಗುತ್ತದೆ.

ಪ್ರಾಣಿಯು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡುವ ಉಪಾಯವನ್ನು ಅಮೆರಿಕದ ಜಾರ್ಜ್ ಶಿರಾಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಸಾಧಿಸಿದ್ದನು. ಅವನ ರಾತ್ರಿಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾದುವು. ಭಾರತದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವನು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿ ನಡೆವ ದಾರಿಗೆ ಅಡ್ಡಲಾಗಿ ಸಣ್ಣ ತಂತಿಯೊಂದನ್ನು ಕಟ್ಟಿ, ಹುಲಿಯ ಕಾಲು ತಾಗಿದೊಡನೆ ಬೆಳಕು ಸಿಡಿದು ಚಿತ್ರ ಮೂಡುವ ವ್ಯವಸ್ಥೆಯನ್ನು ಮಾಡಿ, ಹಾಗೆ ದೊರೆತ ಚಿತ್ರಗಳನ್ನು ಅವನು 1927ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತಿರುವುದಿಲ್ಲವೆಂಬುದನ್ನು ಚಾಂಪಿಯನ್ ಅಂದೇ ಗಮನಿಸಿದ್ದನು. ಆದರೆ ಆ ಗಮನಿಕೆಯು ಗಣಿತದ ಆಧಾರವನ್ನು ಪಡೆಯುವುದಕ್ಕೆ ಇನ್ನೂ ಆರು ದಶಕಗಳಿಗೂ ಹೆಚ್ಚಿನ ಕಾಲ ಹಿಡಿಯಿತು.

ಆ ಆಧಾರ ದೊರೆತುದು ನಮ್ಮ ನಾಗರಹೊಳೆಯಲ್ಲಿ ಎಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. 1970ರ ದಶಕದಿಂದ ದೇಶದಲ್ಲೆಲ್ಲ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು; ಆ ಎಣಿಕೆ ನಂಬತಕ್ಕದ್ದಲ್ಲವೆಂದು ವಾದಿಸಿದ ಡಾ. ಉಲ್ಲಾಸ ಕಾರಂತರು, ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇರಿಸಿ, ಹುಲಿಯ ಎಡಬಲ ಪಕ್ಕೆಗಳ ಪಟ್ಟೆಗಳನ್ನು ಬೇರೆಬೇರೆಯಾಗಿ ಗುರುತಿಸಿ, ಒಮ್ಮೆ ಸಿಕ್ಕ ಹುಲಿಯು ಮತ್ತೆ ಎಷ್ಟು ಬಾರಿ ಸಿಗುತ್ತದೆಂಬ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. 1998ರಲ್ಲಿ ಜೇಮ್ಸ್ ನಿಕಲ್ಸ್ ಅವರೊಡಗೂಡಿ ಅದನ್ನು ವಿಸ್ತರಿಸಿದರು. 2005ರ ವೇಳೆಗೆ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂಬ ಸತ್ಯ ಹೊರಬಿದ್ದು ಹಳೆಯ ಎಣಿಕೆಯ ಮರ್ಯಾದೆ ಕಳೆದ ತರುವಾಯ, ಕ್ಯಾಮೆರಾ ಕ್ರಮೇಣ ರಾಷ್ಟ್ರೀಯ ಗಣತಿಯ ಅಂಗವಾಯಿತು. 2018ರ ಗಣತಿಯಲ್ಲಿ 26,838 ಸ್ಥಾನಗಳಲ್ಲಿ ಕ್ಯಾಮೆರಾಗಳಿದ್ದುವು. ತೆಗೆದ ಚಿತ್ರಗಳು ಸುಮಾರು 3.49 ಕೋಟಿ. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777.

ಈ ಅಂಕಿಗಳ ಮುಂದೆ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ. ಹುಲಿ ಚಿರತೆಗಳೆರಡನ್ನು ಕೂಡಿಸಿದರೂ ಒಂದೂವರೆ ಲಕ್ಷಕ್ಕೆ ತಲುಪದು. ಉಳಿದ ಕೋಟಿಗಟ್ಟಲೆ ಚಿತ್ರಗಳಲ್ಲಿ ಜಿಂಕೆ, ಕಾಟಿ, ದನಕರುಗಳೊಡನೆ ಮನುಷ್ಯರೂ ಇದ್ದಾರೆ. ಕಾವಲುಗಾರನಿದ್ದಾನೆ, ಜೇನು ಕೀಳುವವನಿದ್ದಾನೆ, ಜಾತ್ರೆಗೆ ಹೊರಟ ಭಕ್ತನಿದ್ದಾನೆ, ಚಾರಣಿಗನಿದ್ದಾನೆ. ಹುಲಿಯ ಮುಖವನ್ನು ಬಯಸಿ ಇಟ್ಟ ಸಾಧನವು ಇವರ ಮುಖವನ್ನೂ ಅಷ್ಟೇ ನಿಷ್ಠೆಯಿಂದ ಸಂಗ್ರಹಿಸಿತು. ಸಂಗ್ರಹಿಸಿದುದನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಬಹುಕಾಲ ಯಾರಿಗೂ ತೋರಲಿಲ್ಲ. 2012ರಲ್ಲಿ ಆಸ್ಟ್ರಿಯದ ರಾಜಕಾರಣಿಯೊಬ್ಬನ ಖಾಸಗಿ ಪ್ರಸಂಗವು ಕಾಡಿನ ಕ್ಯಾಮೆರಾದಲ್ಲಿ ಸೆರೆಯಾಗಿ ಸುದ್ದಿಯಾದಾಗ ಪಶ್ಚಿಮದವರು ಈ ಪ್ರಶ್ನೆಯನ್ನು ಎತ್ತಿದರು. 2018ರಲ್ಲಿ ಕ್ರಿಸ್ ಸ್ಯಾಂಡ್‌ಬ್ರೂಕ್ ಮತ್ತು ಸಂಗಡಿಗರು ಕ್ಯಾಮೆರಾ ಬಳಸುವ ಸಂಶೋಧಕರನ್ನು ವಿಚಾರಿಸಿದಾಗ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತಮ್ಮ ಕ್ಯಾಮೆರಾಗಳಲ್ಲಿ ಮನುಷ್ಯರೂ ಸಿಕ್ಕಿದ್ದರೆಂದು ಒಪ್ಪಿಕೊಂಡರು. ಅಂಥ ಚಿತ್ರಗಳನ್ನು ಕಾವಲಿನ ಅಧಿಕಾರಿಗಳಿಗೆ ಒಪ್ಪಿಸಿದವರೂ ಅವರಲ್ಲಿ ಇದ್ದರು. 2020ರಲ್ಲಿ ಕೌಸ್ತುಭ ಶರ್ಮಾ ಮೊದಲಾದವರು ಸಂಶೋಧಕರಿಗಾಗಿ ಒಂದು ನೀತಿಸಂಹಿತೆಯ ಕರಡನ್ನು ಮುಂದಿಟ್ಟರು.

ಸಮಸ್ಯೆಯ ಆಳವನ್ನು ನಮ್ಮ ದೇಶದವರಿಗೆ ತೋರಿಸಿದುದು ಕಾರ್ಬೆಟ್ ಹುಲಿಧಾಮದಲ್ಲಿ ನಡೆದ ಅಧ್ಯಯನ. ಚಾಂಪಿಯನ್ ತಂತಿ ಕಟ್ಟಿದ್ದ ತಪ್ಪಲಿನ ಸೀಮೆಯಲ್ಲಿಯೇ, ಸುಮಾರು ಶತಮಾನದ ತರುವಾಯ, ತ್ರಿಶಾಂತ್ ಸಿಮ್ಲಾಯಿ ಎಂಬ ಸಂಶೋಧಕರು ಹದಿನಾಲ್ಕು ತಿಂಗಳು ಹಳ್ಳಿಗಳಲ್ಲಿದ್ದು ಸುಮಾರು 270 ಮಂದಿಯನ್ನು ಮಾತನಾಡಿಸಿ, 2024ರಲ್ಲಿ ಬರೆದ ಪ್ರಬಂಧವು ಮನಸ್ಸನ್ನು ಕಲಕುತ್ತದೆ. ಹುಲ್ಲು ಸೌದೆಗಳಿಗಾಗಿ ಕಾಡಿಗೆ ಹೋಗುವ ಅಲ್ಲಿಯ ಹೆಂಗಸರಿಗೆ ಕಾಡು ದುಡಿಮೆಯ ಸ್ಥಳವಾಗಿರುವಂತೆಯೇ, ಮನೆಯ ಬಿಗಿಯಿಂದಲೂ ಕುಡುಕ ಗಂಡಂದಿರ ಹೊಡೆತದಿಂದಲೂ ಕೆಲಹೊತ್ತು ಬಿಡುಗಡೆ ದೊರೆಯುವ ತಾಣವೂ ಆಗಿತ್ತು. ಅಲ್ಲಿ ಅವರು ಗಟ್ಟಿಯಾಗಿ ಹಾಡುತ್ತಿದ್ದರು, ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು, ಆ ದನಿಯನ್ನು ಕೇಳಿ ಆನೆ ಹುಲಿಗಳು ದೂರ ಸರಿಯುತ್ತಿದ್ದುವು. ಕ್ಯಾಮೆರಾ ಬಂದ ಮೇಲೆ ಹಾಡು ನಿಂತಿತು. ಕಣ್ಣಿಗೆ ಬೀಳದಂತೆ ಅವರು ಪರಿಚಯವಿಲ್ಲದ ಒಳಗಾಡಿಗೆ ಹೋಗತೊಡಗಿದರು. ಬಹಿರ್ದೆಸೆಗೆ ಕುಳಿತ ಹೆಂಗಸೊಬ್ಬಳ ಚಿತ್ರವು ಕ್ಯಾಮೆರಾದಿಂದ ಹೊರಬಂದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದಾಗ ಜನರು ರೊಚ್ಚಿಗೆದ್ದು ಹತ್ತಿರದ ಕ್ಯಾಮೆರಾಗಳನ್ನು ಒಡೆದುಹಾಕಿದರು. ಇಲ್ಲಿ ದೋಷವು ಕ್ಯಾಮೆರಾದ್ದೆನ್ನುವುದಕ್ಕಿಂತ ಚಿತ್ರವನ್ನು ಹೊರಗೆ ಬಿಟ್ಟ ಕೈಗಳದ್ದು. ಆ ಕೈಗಳನ್ನು ಕಟ್ಟುವ ನಿಯಮವಿರಲಿಲ್ಲವೆಂಬುದೇ ಮುಖ್ಯವಾದ ಮಾತು.

ನ್ಯಾಯವು ಈ ವಿಷಯದಲ್ಲಿ ಮೂಕವಾಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಸಾರ್ವಜನಿಕ ಸ್ಥಳದಲ್ಲಿ ಕಾಲಿಟ್ಟ ಮಾತ್ರಕ್ಕೆ ಆ ಹಕ್ಕು ಕಳೆದುಹೋಗದೆಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಂಶೋಧನೆಗೆ ವಿನಾಯಿತಿ ಕೊಟ್ಟಿದೆಯಾದರೂ, ಆ ಮಾಹಿತಿಯಿಂದ ವ್ಯಕ್ತಿವಿಶೇಷದ ಬಗ್ಗೆ ಯಾವ ನಿರ್ಣಯವನ್ನೂ ಕೈಗೊಳ್ಳಬಾರದೆಂಬ ಕಟ್ಟಳೆಯನ್ನು ಅದಕ್ಕೆ ಜೋಡಿಸಿದೆ. ಹುಲಿಯ ಎಣಿಕೆಗಾಗಿ ತೆಗೆದ ಚಿತ್ರದಿಂದ ಸೌದೆಯವಳ ಮೇಲೆ ಮೊಕದ್ದಮೆ ಹೂಡಿದರೆ, ಸಂಶೋಧನೆಯ ಹೆಸರಿನ ವಿನಾಯಿತಿ ಅಲ್ಲಿಗೇ ಮುಗಿಯಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಚಾರಣಿಗರ ವಿಷಯ ಸ್ವಲ್ಪ ಬೇರೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಸಂದಣಿ ಮಿತಿಮೀರಿದ ತರುವಾಯ ಅರಣ್ಯ ಇಲಾಖೆಯು ಚಾರಣಪಥಗಳಿಗೆ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ಮಾಡಿತು. ಹೆಸರು, ಗುರುತಿನ ಚೀಟಿಗಳನ್ನು ಒಪ್ಪಿಸಿ ಒಳಹೋಗುವವನು ತನ್ನ ಗುರುತನ್ನು ತಿಳಿದೇ ಕೊಟ್ಟಿರುತ್ತಾನೆ. ದಾರಿಯಲ್ಲಿ ಎಷ್ಟು ಮಂದಿ ಹೋದರೆಂಬುದಷ್ಟೇ ಬೇಕಾದರೆ, ದಾಟಿದವರನ್ನು ಮುಖ ನೋಡದೆ ಎಣಿಸುವ ಅವಗೆಂಪು ಎಣಿಕೆಯಂತ್ರಗಳು ಹೊರದೇಶದ ಉದ್ಯಾನಗಳಲ್ಲಿ ಬಹುದಿನದಿಂದ ಬಳಕೆಯಲ್ಲಿವೆ.

ನಮ್ಮ ಕಲಬುರಗಿ ಸೀಮೆಯ ಕಡೆಗೆ ತಿರುಗಿದರೆ ಪ್ರಶ್ನೆಯು ಇನ್ನಷ್ಟು ಸಮೀಪಕ್ಕೆ ಬರುತ್ತದೆ. ಜಿಲ್ಲೆಯ ಪೂರ್ವದಂಚಿನಲ್ಲಿ 2011ರಲ್ಲಿ ಘೋಷಿತವಾದ, 134.88 ಚದರ ಕಿಲೋಮೀಟರಿನ ಚಿಂಚೋಳಿ ವನ್ಯಜೀವಿಧಾಮವಿದೆ. ಅದರ ಮಗ್ಗುಲಲ್ಲಿ ತಾಂಡಾಗಳಿವೆ, ಚಂದ್ರಂಪಳ್ಳಿಯ ಜಲಾಶಯಕ್ಕೆ ವಿಹಾರಕ್ಕೆಂದು ಬರುವವರಿದ್ದಾರೆ. ಪಶ್ಚಿಮದ ಅಫಜಲಪುರ, ಆಳಂದ, ಜೇವರ್ಗಿಗಳಲ್ಲಾದರೋ ಕಾಡೆಂದು ಗೆರೆ ಎಳೆಯತಕ್ಕ ಭೂಮಿ ತೀರ ಕಡಿಮೆ: ತೊಗರಿಯ ಹೊಲ, ಭೀಮಾತೀರದ ಕಬ್ಬು, ನಡುವೆ ಕುರಿಗಾರರ ಬೀಳುನೆಲ. ತೋಳವೂ ಕೃಷ್ಣಮೃಗವೂ ಈ ಬಯಲಿನ ಪ್ರಾಣಿಗಳೇ. ಇಂಥ ಬಯಲಿನಲ್ಲಿ ಚಿರತೆ ಕಂಡಿತೆಂಬ ಸುದ್ದಿ ಹಬ್ಬಿದೊಡನೆ ಇಲಾಖೆಯವರು ಬೋನನ್ನೂ ಕ್ಯಾಮೆರಾವನ್ನೂ ಹೊಲದ ಬದುವಿಗೆ, ಹಳ್ಳದ ದಂಡೆಗೆ ತಂದಿಡುವುದು ರೂಢಿ. ಆ ಬದುವೇ, ಆ ಹಳ್ಳವೇ, ಮನೆಯಲ್ಲಿ ಶೌಚದ ಅನುಕೂಲವಿಲ್ಲದ ಹೆಂಗಸರು ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಕಡೆ ಹೋಗುವ ಜಾಗ. ಕಬ್ಬು ಕಡಿಯಲು ಪರಸ್ಥಳದಿಂದ ಬಂದ ಗುಂಪುಗಳಿಗೆ ಅದೇ ಸ್ನಾನದ ಮರೆ.

ಪರಿಹಾರವು ಅಸಾಧ್ಯವೇನಲ್ಲ. ಚಿತ್ರರಾಶಿಯಲ್ಲಿ ಪ್ರಾಣಿ, ಮನುಷ್ಯ, ವಾಹನಗಳನ್ನು ತಾನಾಗಿಯೇ ಬೇರ್ಪಡಿಸುವ ಮೆಗಾಡಿಟೆಕ್ಟರ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಮನುಷ್ಯರ ಚಿತ್ರಗಳನ್ನು ಸಾರ್ವಜನಿಕರಿಗೆ ತೋರಿಸದ ಕ್ರಮವನ್ನು ವೈಲ್ಡ್‌ಲೈಫ್ ಇನ್‌ಸೈಟ್ಸ್ ಎಂಬ ಜಾಗತಿಕ ಚಿತ್ರಸಂಗ್ರಹವು ಅನುಸರಿಸುತ್ತಿದೆ. ಆದರೆ ತಂತ್ರಾಂಶವು ಕೆಲಸಕ್ಕೆ ತೊಡಗುವುದು ಮೆಮೊರಿ ಕಾರ್ಡು ಕಚೇರಿಗೆ ಬಂದ ಮೇಲೆ. ಅದಕ್ಕೆ ಮೊದಲು ಕಾರ್ಡನ್ನು ಹೊಲದಲ್ಲಿಯೇ ಬಿಚ್ಚಿ ಯಾರಾದರೂ ಮೊಬೈಲಿಗೆ ಇಳಿಸಿಕೊಂಡರೆ ಯಾವ ತಂತ್ರಾಂಶವೂ ಕೆಲಸಕ್ಕೆ ಬಾರದು. ಆದುದರಿಂದ ಚಿರತೆಗಾಗಿ ಕ್ಯಾಮೆರಾ ಇಡುವ ಮುನ್ನ ಪಂಚಾಯಿತಿಯ ಮೂಲಕ ಊರಿನಲ್ಲಿಯೂ ತಾಂಡಾದಲ್ಲಿಯೂ ಕಬ್ಬಿನ ಗುಂಪಿನ ಗುಡಿಸಲುಗಳಲ್ಲಿಯೂ ಡಂಗುರ ಸಾರಿಸಬೇಕು. ಸ್ಥಳವನ್ನು ಆರಿಸುವಾಗ ಸ್ವಸಹಾಯ ಸಂಘದ ಹೆಂಗಸರನ್ನು ಕೇಳಬೇಕು, ಏಕೆಂದರೆ ಯಾವ ಬದುವಿಗೆ ಯಾರು ಯಾವ ಹೊತ್ತಿನಲ್ಲಿ ಹೋಗುತ್ತಾರೆಂಬುದು ಅವರಿಗೆ ಗೊತ್ತು. ಕಾರ್ಡನ್ನು ತೆರೆಯುವ ಅಧಿಕಾರವು ಹೆಸರು ಬರೆದಿಟ್ಟ ಒಬ್ಬರಿಗಷ್ಟೇ ಇರಬೇಕು. ಮನುಷ್ಯರ ಚಿತ್ರಗಳನ್ನು ಅಂದೇ ಅಳಿಸಿ, ಅಳಿಸಿದುದನ್ನು ದಾಖಲೆಪುಸ್ತಕದಲ್ಲಿ ನಮೂದಿಸಬೇಕು. ಚಿರತೆ ಸಿಕ್ಕಲಿ ಸಿಗದಿರಲಿ, ಕ್ಯಾಮೆರಾ ತೆಗೆದ ದಿನವೂ ಅದೇ ಡಂಗುರವನ್ನು ಅದೇ ಓಣಿಗಳಲ್ಲಿ ಮತ್ತೊಮ್ಮೆ ಸಾರಿಸಬೇಕು.