ಮಾರ್ಚ್ 23: ಕ್ರೀಡೆಯಲ್ಲಿ ತಾರೀಕೂ ಚರಿತ್ರೆಯೂ

ಒಂದೇ ತಾರೀಕಿನಂದು ಬೇರೆ ಬೇರೆ ವರ್ಷಗಳಲ್ಲಿ ನಡೆದ ಸಾಧನೆಗಳನ್ನು ಪಟ್ಟಿಮಾಡುವ ರೂಢಿ ಕ್ರೀಡಾಪ್ರಪಂಚದಲ್ಲಿ ಬಹು ಪ್ರಚಲಿತವಾಗಿದೆ. ಇಂತಹ ಪಟ್ಟಿಯನ್ನು ಚರಿತ್ರೆಯೆಂದು ಕರೆಯಬಹುದೆ? 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ವಶಪಡಿಸಿಕೊಂಡುದನ್ನು ಸ್ಮರಿಸುವ ಈ ಸೀಮೆಯವರಿಗೆ ತಾರೀಕಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ದಿನಕ್ಕೆ ಬೆಲೆ ಬಂದುದು ಅದರ ಹಿಂದಿನ ಕಾರಣಪರಂಪರೆಯಿಂದ: 1834ರಲ್ಲಿ ಕೊಡಗಿನ ಪತನ, ಧಾನ್ಯರೂಪದ ಕಂದಾಯಕ್ಕೆ ಬದಲಾಗಿ ನಗದನ್ನೇ ಕೇಳಿದ ಕುಂಪಣಿಯ ಕ್ರಮ. ಈ ಒರೆಗಲ್ಲಿಗೆ ಮಾರ್ಚ್ 23ನ್ನು ಹಚ್ಚಿ ನೋಡೋಣ.

1980ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಪ್ರಕಾಶ ಪಡುಕೋಣೆಯವರು ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಪ್ರಥಮ ಭಾರತೀಯರಾದರು. ಕಿಂಗ್ ಅದರ ಹಿಂದಿನ ಎರಡು ವರ್ಷಗಳ ವಿಜೇತರು. 2003ರ ಅದೇ ದಿನ ಜೊಹಾನ್ಸ್‌ಬರ್ಗಿನ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಕ್ಕೆ 125 ಓಟಗಳಿಂದ ಸೋತಿತು. ಜಾವಗಲ್ ಶ್ರೀನಾಥರು 10 ಓವರುಗಳಲ್ಲಿ 87 ಓಟಗಳನ್ನು ಕೊಟ್ಟರು. ಅದೇ ಅವರ ಕೊನೆಯ ಏಕದಿನ ಪಂದ್ಯ. 2016ರಲ್ಲಿ ಅದೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಕೊನೆಯ 3 ಎಸೆತಗಳಲ್ಲಿ 2 ಓಟಗಳಷ್ಟೇ ಬೇಕಾಗಿದ್ದ ಬಾಂಗ್ಲಾದೇಶದ 3 ವಿಕೆಟುಗಳು ಉರುಳಿ, ಭಾರತ 1 ಓಟದಿಂದ ಗೆದ್ದಿತು.

ಈ ಮೂರಕ್ಕೂ ಪರಸ್ಪರ ಕಾರ್ಯಕಾರಣಸಂಬಂಧವಿಲ್ಲ. ಪಂಚಾಂಗವು ಅವುಗಳನ್ನು ಒಂದೆಡೆ ಕೂಡಿಸಿದೆ, ಅಷ್ಟೆ. ಆದರೆ ಒಂದೊಂದನ್ನೂ ಬೇರೆಯಾಗಿ ಹಿಂಬಾಲಿಸಿದರೆ ಚರಿತ್ರೆ ಕಾಣಿಸಿಕೊಳ್ಳುತ್ತದೆ. ಪಡುಕೋಣೆ ಕುಂದಾಪುರದ ಬಳಿಯ ಊರು. 1980ರಲ್ಲಿ ಅದೂ ಪುತ್ತೂರಿನಂತೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. ಕರಾವಳಿಯಿಂದ ಬೆಂಗಳೂರಿಗೆ ಹೋಗಿ ನೆಲಸಿದವರು ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ನನ್ನು ಕಟ್ಟಿಕೊಂಡರು. ಅದರ ಸಭಾಂಗಣವೇ ಬಾಲಕ ಪ್ರಕಾಶರ ಆಟದಂಕಣ. ಮದುವೆಯಿದ್ದ ದಿನ ಅಭ್ಯಾಸಕ್ಕೆ ಬಿಡುವು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ದುಡಿದವರು. ವಲಸೆ, ಸಂಘಜೀವನ, ಮನೆತನದ ಆಸಕ್ತಿ, ಇವು ಕೂಡಿದ ಫಲವನ್ನು ಲಂಡನ್ನಿನ ಆ ಒಂದು ದಿನ ಬೆಳಕಿಗೆ ತಂದಿತು. ಅಮೆರಿಕದ ಬೇಸ್‌ಬಾಲಿನಲ್ಲಿ 1947ರ ಏಪ್ರಿಲ್ 15 ಸ್ಮರಣೀಯವಾದುದೂ ಓಟಗಳ ಲೆಕ್ಕದಿಂದಲ್ಲ. ಕರಿಯರನ್ನು ಹೊರಗಿಟ್ಟಿದ್ದ ಪ್ರಧಾನ ಲೀಗಿನ ಬಾಗಿಲನ್ನು ಜಾಕಿ ರಾಬಿನ್ಸನ್ ಅಂದು ತೆರೆದರೆಂಬುದರಿಂದ.

ತಾರೀಕಿನ ಪಟ್ಟಿಗೆ ಇನ್ನೊಂದು ಕೊರತೆಯುಂಟು: ಬರೆದಿಟ್ಟುದನ್ನಷ್ಟೇ ಅದು ಬಲ್ಲುದು. ಪುತ್ತೂರು, ಸುಳ್ಯ, ಕಡಬಗಳ ಜನ ಕಂಬಳವನ್ನು ನೆನೆಯುವುದು ಯಾರ ಜೋಡಿ, ಯಾರು ಓಡಿಸಿದರು, ಯಾವ ಕರೆ ಎಂಬುದರಿಂದ, ತಾರೀಕಿನಿಂದಲ್ಲ. ಪುತ್ತೂರು ಮಹಾಲಿಂಗೇಶ್ವರ ದೇವರ ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆಗೆ ಈ ತಾಲ್ಲೂಕುಗಳಿಂದ ಜನ ಸೇರುತ್ತಾರೆ. ಆದರೂ ಕಂಬಳದ ಓಟ ಹೊರಜಗತ್ತಿನ ದಾಖಲೆಗೆ ಬಂದುದು, 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದ ಮೇಲೆ. ಕೋಣಗಳ ಸೆಳೆತದೊಂದಿಗೆ ಕೆಸರಿನಲ್ಲಿ ಓಡುವುದನ್ನು ನೂರು ಮೀಟರಿನ ಟ್ರ್ಯಾಕಿನ ಓಟಕ್ಕೆ ಹೋಲಿಸಿದುದು ಸರಿಯಾದ ಅಳತೆಯಾಗಿರಲಿಲ್ಲ. ಕಂಬಳದ ಅಳಿವು ಉಳಿವನ್ನು ನಿಶ್ಚಯಿಸಿದ ದಿನಗಳಾದರೋ ಬೇರೆ: ಸರ್ವೋಚ್ಚ ನ್ಯಾಯಾಲಯದ 2014ರ ಮೇ 7ರ ತೀರ್ಪಿನಿಂದ ಅದಕ್ಕೆ ತಡೆ ಬಂದಿತು, 2023ರ ಮೇ 18ರಂದು ಸಂವಿಧಾನಪೀಠವು ಕರ್ನಾಟಕದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು.

ಆದುದರಿಂದ ತಾರೀಕು ಚರಿತ್ರೆಯ ಹೊಸ್ತಿಲೇ ಹೊರತು ಮನೆಯಲ್ಲ. ಈ ಭಾಗದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಹಿರಿಯ ಓಟಗಾರರನ್ನೂ ಕೋಣಗಳನ್ನು ಸಾಕಿದವರನ್ನೂ ಕಂಡು, ಅವರು ಹೇಳುವುದನ್ನು ವರ್ಷಸಹಿತ ಬರೆದಿಡುವುದಾದರೆ, ಪಟ್ಟಿಗಳಲ್ಲಿ ಸಿಗದ ಚರಿತ್ರೆಯೊಂದು ಉಳಿದೀತು. ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕೆಂಬುದು ನಮ್ಮ ಅಭಿಪ್ರಾಯ.