ಕಾಶ್ಮೀರದಿಂದ ಕಲ್ಯಾಣಕ್ಕೆ: ಬಿಲ್ಹಣನ ಪಯಣ

ಬಸವಕಲ್ಯಾಣ ಎಂದೊಡನೆ ನಮಗೆ ನೆನಪಾಗುವುದು ಬಸವಣ್ಣನವರು ಮತ್ತು ಶರಣರು. ಆದರೆ ಬಸವಣ್ಣನವರು ಹುಟ್ಟುವ ಮೊದಲೇ ಈ ಊರಿಗೆ ಕಾಶ್ಮೀರದಿಂದ ಒಬ್ಬ ಕವಿ ಬಂದು ನೆಲೆಸಿದ್ದ. ಅವನೇ ಬಿಲ್ಹಣ. ಓದು ಮುಗಿಸಿ, ಆಶ್ರಯ ಹುಡುಕುತ್ತ ಮನೆ ಬಿಟ್ಟು ಹೊರಟ ಯುವಕ ಎಂದು ಅವನನ್ನು ಇಂದಿನ ವಿದ್ಯಾರ್ಥಿಗಳಿಗೆ ಪರಿಚಯಿಸಿದರೆ ತಪ್ಪಾಗಲಾರದು. ಆಗ ಪಾಸ್‌ಪೋರ್ಟ್ ಇರಲಿಲ್ಲ, ನಿಜ. ಆದರೆ ತನ್ನ ರಾಜನ ಗಡಿ ದಾಟಿದವನಿಗೆ ಮುಂದಿನದೆಲ್ಲ ಪರದೇಶವೇ.

ಬಿಲ್ಹಣನ ಊರು ಶ್ರೀನಗರದ ಬಳಿಯ ಖೋನಮುಖ, ಇಂದಿನ ಖೊನ್ಮೋಹ್. ತಂದೆ ಜ್ಯೇಷ್ಠಕಲಶ, ತಾಯಿ ನಾಗದೇವಿ. ಊರಿನ ಒಂದು ಕಡೆ ಕೇಸರಿ, ಇನ್ನೊಂದು ಕಡೆ ದ್ರಾಕ್ಷಿ ಬೆಳೆಯುತ್ತದೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಇದೆಲ್ಲ ನಮಗೆ ತಿಳಿಯುವುದು ಅವನ 'ವಿಕ್ರಮಾಂಕದೇವಚರಿತ'ದ ಕೊನೆಯ, ಅಂದರೆ 18ನೆಯ ಸರ್ಗದಿಂದ. ಹಳೆಯ ಸಂಸ್ಕೃತ ಕವಿಗಳು ತಮ್ಮ ಬಗ್ಗೆ ಇಷ್ಟು ವಿವರವಾಗಿ ಬರೆದುಕೊಳ್ಳುವುದು ಅಪರೂಪ. ಈ ಕೃತಿಯ ಹಸ್ತಪ್ರತಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಉಳಿದಿತ್ತು. ಜರ್ಮನ್ ವಿದ್ವಾಂಸ ಬ್ಯೂಲರ್ 1874ರಲ್ಲಿ ಅದನ್ನು ಕಂಡು, 1875ರಲ್ಲಿ ಅಚ್ಚು ಹಾಕಿಸಿದ.

ಅವನು ಊರು ಬಿಟ್ಟದ್ದು ಕಲಶರಾಜನ ಕಾಲದಲ್ಲಿ, 1060ರ ದಶಕದಲ್ಲಿರಬೇಕೆಂದು ವಿದ್ವಾಂಸರ ಲೆಕ್ಕ. ಮಥುರಾ, ಕನೌಜ್, ಪ್ರಯಾಗ, ಕಾಶಿಗಳನ್ನು ನೋಡಿದ. ಡಾಹಲದ ಕರ್ಣರಾಜನ ಆಸ್ಥಾನದಲ್ಲಿ ಕೆಲಕಾಲ ಇದ್ದು, ಗಂಗಾಧರನೆಂಬ ಕವಿಯನ್ನು ಸೋಲಿಸಿದ. ಧಾರೆಯ ಭೋಜರಾಜನನ್ನು ಕಾಣಲಾಗಲಿಲ್ಲವೆಂಬ ಕೊರಗು ಅವನಿಗೆ ಕೊನೆಯವರೆಗೂ ಉಳಿಯಿತು. ಗುಜರಾತಿಗೆ ಬಂದಾಗ ಅಲ್ಲಿಯವರ ಉಡುಗೆಯೂ ಹಿಡಿಸಲಿಲ್ಲ, ಮಾತೂ ಹಿಡಿಸಲಿಲ್ಲ. ಆ ಬೇಸರ ಸೋಮನಾಥನ ದರ್ಶನದಿಂದ ಕಳೆಯಿತೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಪರಊರಿನ ಮೊದಲ ದಿನಗಳಲ್ಲಿ ಬೇರೆಯವರು ಪಂಚೆ ಉಟ್ಟ ರೀತಿಯೂ ತಪ್ಪಾಗಿಯೇ ಕಾಣುತ್ತದೆ. ಹಾಸ್ಟೆಲಿಗೆ ಸೇರಿದವರಿಗೆ ಇದು ಗೊತ್ತು! ಮುಂದೆ ಹಡಗಿನಲ್ಲಿ ದಕ್ಷಿಣಕ್ಕೆ ಬಂದು ರಾಮಸೇತುವಿನವರೆಗೂ ಹೋದ. ಕಲ್ಯಾಣಕ್ಕೆ ಬಂದದ್ದು ಆ ಮೇಲೆ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಶ್ರೀನಗರ ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬಸವಕಲ್ಯಾಣ ಸುಮಾರು 18ರಲ್ಲಿ. ಡಿಗ್ರಿಗೆ 111 ಕಿಲೋಮೀಟರಿನಂತೆ ನೇರ ಅಂತರವೇ 1,800 ಕಿಲೋಮೀಟರಿನಷ್ಟಾಯಿತು. ಅವನು ಸುತ್ತಿ ಬಂದ ದಾರಿ ಅದಕ್ಕಿಂತ ಎಷ್ಟೋ ಹೆಚ್ಚು. ಆಕಾಶವೂ ಬದಲಾಗಿತ್ತು. ಕಾಶ್ಮೀರದಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ನಡುಬೇಸಿಗೆಯ ಮಧ್ಯಾಹ್ನದಲ್ಲೂ ಒಂದಿಷ್ಟು ನೆರಳು ಉಳಿಯುತ್ತದೆ. ಕಲ್ಯಾಣದಲ್ಲಿ ಮೇ ನಡುವಿಗೊಮ್ಮೆ, ಜುಲೈ ಕೊನೆಗೊಮ್ಮೆ ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಕಾಲ ಕೆಳಗೆ ಕೇಸರಿಯ ಹೊಲವಿರಲಿಲ್ಲ, ಎರೆಮಣ್ಣು ಮತ್ತು ಜಂಬಿಟ್ಟಿಗೆಯ ಕೆಂಪು ನೆಲವಿತ್ತು. ಕಿವಿಗೆ ಬಿದ್ದದ್ದು ಕನ್ನಡ.

ಆ ಕನ್ನಡದ ಊರಿನಲ್ಲಿ ಅವನ ಕೈಹಿಡಿದದ್ದು ಸಂಸ್ಕೃತ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಅರಸ. ಅವನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ. ಆದರೆ ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಸಂಸ್ಕೃತದಲ್ಲಿ ಬರೆದದ್ದು ಈ ಅರಸನ ಆಶ್ರಯದಲ್ಲೇ. ಚಿತ್ರೀಕರಣಕ್ಕೆಂದು ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದಾಗ ಇದು ಕಣ್ಣಿಗೇ ಕಟ್ಟಿತು. ಅಲ್ಲಿನ ದೇವಾಲಯದ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ನಿಂತು ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಬಿಲ್ಹಣ ಮಾಡಿದ ಕೆಲಸವೂ ಅದೇ. ಅರಸ ಅವನಿಗೆ 'ವಿದ್ಯಾಪತಿ' ಎಂಬ ಪದವಿ, ನೀಲಿಯ ಕೊಡೆ, ಆನೆ ಕೊಟ್ಟ.

ಕೊಟ್ಟವನ ಕಥೆಯನ್ನು ಪಡೆದವನು ಬರೆದಾಗ ಓದುಗರು ಎಚ್ಚರದಿಂದಿರಬೇಕಾಗುತ್ತದೆ. ವಿಕ್ರಮಾದಿತ್ಯ ಪಟ್ಟವೇರಿದ್ದು ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ. ಬಿಲ್ಹಣನ ಕಾವ್ಯದಲ್ಲಿ ಅಣ್ಣ ದುಷ್ಟ. ತಮ್ಮನಿಗೋ ಯುದ್ಧ ಬೇಡ, ಆದರೆ ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಡುತ್ತಾನೆ. ಸೋಮೇಶ್ವರನ ಕಾಲದ ಶಾಸನಗಳು ಅವನನ್ನೂ ಹೊಗಳುತ್ತವೆ. ಯಾರ ಮಾತು ನಿಜ? ಪರೀಕ್ಷೆಯಲ್ಲಿ ಬಿಲ್ಹಣನ ಮಾತನ್ನೇ ಉತ್ತರವಾಗಿ ಬರೆದು ಬಂದ ವಿದ್ಯಾರ್ಥಿಗಳು ಅದನ್ನು ಯಾರ ಋಣದಲ್ಲಿದ್ದವನು ಹೇಳಿದ ಎಂದೂ ಕೇಳಿಕೊಳ್ಳಬೇಕು. ಅದೇ ಕವಿ 18ನೆಯ ಸರ್ಗದಲ್ಲಿ ತನ್ನ ಊರು, ದಾರಿ, ಬೇಸರಗಳನ್ನು ಹೇಳುವಾಗ ನನಗೆ ನಂಬಿಕೆ ಹೆಚ್ಚು. ಅಲ್ಲಿ ಯಾವ ಅರಸನನ್ನೂ ಸಮರ್ಥಿಸುವ ಹೊರೆ ಅವನ ಮೇಲಿರಲಿಲ್ಲ.

ಅವನ ಕಲ್ಯಾಣದ ದಿನಗಳ ಬಗ್ಗೆ ಇನ್ನೊಬ್ಬ ಸಾಕ್ಷಿಯಿದ್ದಾನೆ. 1148-49ರಲ್ಲಿ 'ರಾಜತರಂಗಿಣಿ' ಬರೆದ ಕಲ್ಹಣ. ಕರ್ಣಾಟದ ಪರ್ಮಾಡಿ, ಅಂದರೆ ವಿಕ್ರಮಾದಿತ್ಯನ ಸೈನ್ಯ ಬೆಟ್ಟಗಾಡಿನಲ್ಲಿ ಸಾಗುವಾಗ ಆನೆಯ ಮೇಲಿನ ಬಿಲ್ಹಣನ ಕೊಡೆ ಅರಸನ ಮುಂದೆಯೇ ಕಾಣುತ್ತಿತ್ತಂತೆ. ಹೀಗಿರುವಾಗ 1089ರಲ್ಲಿ ಕಾಶ್ಮೀರದಲ್ಲಿ ಹರ್ಷ ಪಟ್ಟಕ್ಕೆ ಬಂದ. ಅವನು ಕವಿಗಳಿಗೆ ಬಂಧುವಿನಂತೆ ಎಂಬ ಸುದ್ದಿ ಕೇಳಿ, ಬಿಲ್ಹಣನಿಗೆ ತನ್ನ ಇಷ್ಟೆಲ್ಲ ವೈಭವವೂ ಟೊಳ್ಳೆನಿಸಿತೆಂದು ಕಲ್ಹಣ ಬರೆಯುತ್ತಾನೆ. ಕಲ್ಹಣನೂ ಕಾಶ್ಮೀರದವನೇ, ಊರಭಿಮಾನ ಸ್ವಲ್ಪ ಸೇರಿರಬಹುದು. ಆ ಹರ್ಷ ದೇವಾಲಯಗಳ ಲೋಹದ ಮೂರ್ತಿಗಳನ್ನು ಕರಗಿಸಿ, 1101ರಲ್ಲಿ ದಂಗೆಗೆ ಸಿಕ್ಕಿ ಕೊಲೆಯಾದ. ಕಲ್ಯಾಣದಲ್ಲಿ ವಿಕ್ರಮಾದಿತ್ಯ ಅದಾದ ಮೇಲೂ 25 ವರ್ಷ ಆಳಿದ.